ಗೋಡೆ ದಾಟಿದ ಕುಂಬಳಕಾಯಿ

ಕುಂಬಳಕಾಯಿ ಮೇಜಿನ ಮೇಲೆ ಓರೆಯಾಗಿ ಕೂತಿದೆ, ಇದನ್ನು ಸಣ್ಣ ವಿಷಯವೆಂದು ತಳ್ಳಿಹಾಕುವಂತಿಲ್ಲ, ಈ ದ್ವೀಪದ ನ್ಯಾಯ ಅನ್ಯಾಯವೆಲ್ಲ ಸದ್ಯಕ್ಕೆ ಆ ಓರೆಯ ಮೇಲೆಯೇ ನಿಂತಿದೆ — ಒಂದು ಮಗ್ಗುಲು ಚಪ್ಪಟೆ, ಯಾಕೆ ಚಪ್ಪಟೆ ಎಂದು ಯಾರಾದರೂ ಕೇಳಬಾರದೇ, ಗೋಡೆಗೆ ಒರಗಿ ಬೆಳೆದದ್ದಕ್ಕೆ ಚಪ್ಪಟೆ, ನನ್ನ ಹಿತ್ತಿಲಲ್ಲಿ ಹುಟ್ಟಿ ಗೋಡೆ ಹತ್ತಿ ವಾರಗಿತ್ತಿಯ ಹಿತ್ತಿಲಿಗೆ ಇಳಿದ ಬಳ್ಳಿ, ಬುಡ ನನ್ನದು, ಕಾಯಿ ಮಾತ್ರ ಅವಳ ಕಡೆ, ಗೆದ್ದಲು ಕಟ್ಟಿದ ಹುತ್ತ ಹಾವಿನ ಪಾಲು, ಆ ಹಾವು ಇವತ್ತು ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ಬೆಳೆಗಾರರ ಸಂಘದ ಅಧ್ಯಕ್ಷರ ಪಕ್ಕದ ಕುರ್ಚಿಯಲ್ಲಿ ಕೂತಿದೆ, ಮತ್ತು ಕಾಯಿಯ ಮೇಲೆ ತೊಟ್ಟು, ಐದು ಮೂಲೆಯ ತೊಟ್ಟು, ಕತ್ತರಿಸಿದ ಜಾಗ ನಕ್ಷತ್ರದ ಹಾಗೆ — ಅದರ ಇನ್ನೊಂದು ತುಂಡು ನನ್ನ ಚೀಲದಲ್ಲಿದೆ, ಅವಳು ಕಾಯಿ ಕಿತ್ತ ದಿನವೇ ಬಳ್ಳಿಯಿಂದ ಕೊಯ್ದು ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ, ಎರಡನ್ನೂ ಕೂಡಿಸಿ ತೋರಿಸಿದರೆ ಮುಗಿಯಿತು, ಮಾತೇ ಬೇಡ.

ದೋಣಿಯಲ್ಲಿ ಬಂದ ಕೃಷಿ ಅಧಿಕಾರಿ ಹೇಳುತ್ತಿದ್ದಾರೆ, ಆಚೆ ದಡದ ತರಕಾರಿ ನಂಬಿ ನಿಮ್ಮ ಹಳೇ ತಳಿ ಮರೆತುಬಿಟ್ರಿ, ಬಿರುಗಾಳಿಗೆ ದೋಣಿ ನಿಂತಾಗ ಏನು ತಿಂದ್ರಿ ನೆನಪಿದೆಯಾ — ನೆನಪಿದೆ, ಇದನ್ನೇ, ನನ್ನ ಬಳ್ಳಿಯದನ್ನೇ — ಈ ಕಾಯಿಯ ಬೀಜ ಇನ್ನು ಎಲ್ಲ ಹೊಲಕ್ಕೂ ಹೋಗುತ್ತೆ, ತಳಿಗೆ ಬೆಳೆದವರದೇ ಹೆಸರು, ಅಮ್ಮಾ, ಇದಕ್ಕೇನು ಗೊಬ್ಬರ ಹಾಕಿದ್ರಿ? ಅವಳು ತಲೆ ತಗ್ಗಿಸಿ, ನಾನೇನೂ ಮಾಡಿಲ್ಲ ಸರ್, ಅದರ ಪಾಡಿಗೆ ಅದು ಬಂತು. ಇಷ್ಟು ಅಪ್ಪಟ ಸತ್ಯವನ್ನು ಈ ಸಭಾಂಗಣದಲ್ಲಿ ಈವರೆಗೆ ಯಾರೂ ಆಡಿರಲಿಲ್ಲ, ಜನ ಚಪ್ಪಾಳೆ ತಟ್ಟಿದರು, ಅಧಿಕಾರಿ ಗದ್ಗದರಾದರು, ನೋಡಿ, ಇದೇ ಸಹಜ ಕೃಷಿ, ಮಣ್ಣನ್ನು ನಂಬಿ ಸುಮ್ಮನಿರೋದು. ಸುಮ್ಮನಿರುವುದಂತೆ. ಕಡಲಪಾಚಿಯನ್ನು ಬುಟ್ಟಿ ಬುಟ್ಟಿ ಹೊತ್ತು ಏರಿ ತಂದವಳು ಯಾರು, ಮಳೆನೀರಲ್ಲಿ ನೆನೆಸಿ ಉಪ್ಪು ಬಿಡಿಸಿ, ಕೊಳೆಸಿ, ಮರಳಿಗೆ ಬೆರೆಸಿ, ಬೆಳಗಿನ ಹೊತ್ತು ಗಂಡುಹೂವು ಕಿತ್ತು ಹೆಣ್ಣುಹೂವಿಗೆ ಮುಟ್ಟಿಸಿದವಳು ಯಾರು, ಈ ಮದುವೆಗೆ ಪುರೋಹಿತಳೂ ನಾನೇ ಅಡುಗೆಯವಳೂ ನಾನೇ, ಆರತಕ್ಷತೆಯಲ್ಲಿ ನಿಂತವಳು ಅವಳು. ಪಕ್ಕದಲ್ಲಿ ಗಂಡ ಪಿಸುಗುಡುತ್ತಾನೆ, ಬಿಡೇ, ಒಂದು ಕಾಯಿ ತಾನೇ, ಅವಳೇನು ಹೊರಗಿನವಳಾ. ಹೊರಗಿನವಳಾಗಿದ್ದರೆ ಹೊಟ್ಟೆ ಇಷ್ಟು ಉರಿಯುತ್ತಿತ್ತೇ. ಹಿತ್ತಿಲು ಪಾಲು ಮಾಡಿದ ದಿನ ಅತ್ತೆ ಹೇಳಿದ್ದು, ಬುಡ ಯಾರದಾದ್ರೂ ಇರಲಿ, ಗೋಡೆ ದಾಟಿದ್ದು ಆ ಕಡೆಯವರದು, ಬಾಯಿ ಮುಚ್ಕೊಂಡು ತಿನ್ನಿ — ಅವಳ ಸೋರೆಬಳ್ಳಿ ನನ್ನ ಕಡೆ ಇಳಿಯುತ್ತಿದ್ದಷ್ಟು ವರ್ಷ ಆ ಮಾತಿನಲ್ಲಿ ನನಗೊಂದು ಕುಂದೂ ಕಂಡಿರಲಿಲ್ಲ, ನಿಜ, ಆದರೆ ಸೋರೆಕಾಯಿಗೆ ಹೆಸರಿಡಲು ಯಾರೂ ದೋಣಿ ಹತ್ತಿ ಬಂದಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಬೆಳಗಿನಿಂದ ಅವಳ ಹೆಗಲನ್ನೇ ನೋಡುತ್ತಿದ್ದೇನೆ, ನೊಣ ಕೂತರೂ ಮುಟ್ಟಿಕೊಳ್ಳಲಿಲ್ಲ.

ಅಕ್ಕಾ, ಬೀಜ ತೆಗೀಬೇಕಂತೆ, ನೀವೇ ಬಂದು ಕುಯ್ದುಬಿಡಿ, ಸಿಪ್ಪೆ ಕಲ್ಲಿನ ಹಾಗಿದೆ, ನನ್ನ ಕೈಲಾಗಲ್ಲ — ಅವಳೇ ಕರೆಯುತ್ತಿದ್ದಾಳೆ, ಎಲ್ಲರೆದುರು, ನಗುತ್ತಾ, ಎಲ್ಲ ತಲೆಗಳೂ ಈ ಕಡೆ ತಿರುಗಿವೆ, ಎದ್ದೆ, ಎದ್ದವಳ ಕೈ ಚೀಲದ ಪಟ್ಟಿಗೆಂದು ಹೆಗಲಿಗೇ ಹೋಯಿತು, ಹಾಳಾದ ಗಾದೆ, ಮೇಜಿನವರೆಗೆ ನಡೆದೆ, ಬಲಗೈಗೆ ಚಾಕು ಕೊಟ್ಟರು, ಎಡಗೈ ಚೀಲದೊಳಗೆ ಹೋಗಿ ಬಟ್ಟೆ ಬಿಚ್ಚಿತು, ತುಂಡನ್ನು ತೆಗೆದು ಕಾಯಿಯ ತೊಟ್ಟಿನ ಮೇಲಿಟ್ಟೆ, ಅಧಿಕಾರಿ, ಏನಮ್ಮ ಅದು, ವಾರಗಿತ್ತಿಯ ನಗು ಅರ್ಧಕ್ಕೆ ನಿಂತಿತು, ಹಿಂದೆ ಒಂದು ಕುರ್ಚಿ ಕಿರುಗುಟ್ಟಿತು — ಕಾಯಿಯ ಮೇಲಿನದು ಹೆಬ್ಬೆರಳ ದಪ್ಪ, ಬಟ್ಟೆಯೊಳಗೆ ಒಣಗಿದ್ದು ಕಿರುಬೆರಳಿನಷ್ಟು, ಸುರುಟಿ, ಮೂಲೆಗಳು ಒಂದರೊಳಗೊಂದು ಮಡಿಚಿಕೊಂಡಿವೆ, ತಿರುಗಿಸಿದೆ, ಐದು ಮೂಲೆಗೆ ಐದು ಮೂಲೆ, ಮತ್ತೆ ತಿರುಗಿಸಿದೆ, ನಕ್ಷತ್ರದ ಮೇಲೆ ಸುರುಟಿದ ನಕ್ಷತ್ರ, ಐದು ಮೂಲೆ, ಐದು.

ಕೂಡಲಿಲ್ಲ. ಕಾಯಿ ಕೊಯ್ದೆ. ಬೀಜಕ್ಕೆ ಅವಳ ಹೆಸರಿಟ್ಟರು.