ಫ್ರೀವೀಲಿನ ಗ್ರೀಸು

ಆರ್ಡಿತ್ ಆ ಹುಡುಗಿಯನ್ನು ಮೊದಲ ಸಲ ಕರೆದುಕೊಂಡು ಬಂದದ್ದು ದೂರದ ಉತ್ತರದ ಫೇರ್‌ಬ್ಯಾಂಕ್ಸಿನ ಬರ್ಚ್ ಮರಗಳೆಲ್ಲ ಬೋಳಾಗಿ, ಇನ್ನೇನು ಹಿಮ ಬೀಳಬೇಕು ಅನ್ನುವ ವಾರದಲ್ಲಿ. ಲೋರ್ನಾ ಶೆಡ್ಡಿನಲ್ಲಿ ತನ್ನ ಸೈಕಲ್ಲನ್ನು ತಲೆಕೆಳಗು ಮಾಡಿಕೊಂಡು ಚಳಿಗಾಲಕ್ಕೆ ಸಿದ್ಧ ಮಾಡುತ್ತಿದ್ದಳು.

"ಇವಳು ಟಾಮ್ಸಿನ್. ನಮ್ಮ ಆಸ್ಪತ್ರೆಗೆ ಹೊಸದಾಗಿ ಬಂದಿರೋ ದನದ ಡಾಕ್ಟ್ರು. ಚಳಿಗಾಲದಲ್ಲಿ ಸೈಕಲ್ ತುಳೀಬೇಕಂತೆ. ನಿನ್ನ ಬಿಟ್ಟು ಯಾರನ್ನ ಕೇಳಲಿ ಹೇಳು" ಅಂದಳು ಆರ್ಡಿತ್.

ಕೇಳಿದ್ದು ಲೋರ್ನಾಳಿಗೆ ಹಿತವೇ ಆಯಿತು. ಕೈ ಒರೆಸಿಕೊಂಡು ಕಾಫಿ ಮಾಡಿಕೊಟ್ಟಳು. ಆದರೆ ಕಾಫಿ ಆರುವುದರೊಳಗೆ ಆ ಹಿತ ಹೋಯಿತು. ಟಾಮ್ಸಿನ್ ಏನು ಕೇಳಿದರೂ ಉತ್ತರ ಕೊಡುತ್ತಿದ್ದವಳು ಆರ್ಡಿತ್. ದಪ್ಪ ಟೈರು ಇದ್ದರೆ ಸಾಲದು, ಅದರ ಗಾಳಿ ಎಷ್ಟು ಇಳಿಸುತ್ತೀವಿ ಅನ್ನುವುದರಲ್ಲಿದೆ ಎಲ್ಲ ಅಂದಳು. ಹೆಬ್ಬೆರಳಲ್ಲಿ ಒತ್ತಿದರೆ ಹಳೆಯ ದಿಂಬಿನ ಹಾಗೆ ಒಳಗೆ ಹೋಗಬೇಕು ಅಂದಳು. ಬೆವರು ಮೈಮೇಲೇ ಹೆಪ್ಪುಗಟ್ಟುತ್ತೆ, ಬೆವರಿದವಳು ಸತ್ತಳು ಅಂತಲೇ ತಿಳಿ, ನಿಧಾನಕ್ಕೆ ತುಳಿ ಅಂದಳು. ಒಂದೊಂದೂ ಲೋರ್ನಾಳ ಮಾತು. ಹೊಸದಾಗಿ ಗಂಡನನ್ನು ಬಿಟ್ಟು ದಿಕ್ಕು ತೋಚದೆ ಕೂತಿದ್ದ ಆರ್ಡಿತ್‌ಳನ್ನು ಎಬ್ಬಿಸಿ, ಎರವಲು ಸೈಕಲ್ಲಿನ ಮೇಲೆ ಕೂರಿಸಿ, ಹೆಪ್ಪುಗಟ್ಟಿದ ಊರ ನದಿಯ ಮೇಲೆ ಜೊತೆಯಲ್ಲಿ ತುಳಿಯುತ್ತ ಹೇಳಿಕೊಟ್ಟ ಮಾತುಗಳು. ಅಂದಿನಿಂದ ಇಬ್ಬರೂ ಒಂದು ಚಳಿಗಾಲವನ್ನೂ ತಪ್ಪಿಸಿರಲಿಲ್ಲ. ಮೂರನೆಯವರನ್ನು ಕರೆದಿರಲಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ಕಹಳೆ ಊದುವುದನ್ನು ಕಲಿಸುವ ಲೋರ್ನಾಳಿಗೆ ವಾರವಿಡೀ ಕಿವಿಯ ತುಂಬ ಗದ್ದಲ. ಆರ್ಡಿತ್‌ಳ ಜೊತೆ ಮಾತಿಲ್ಲದೆ ಮೈಲಿಗಟ್ಟಲೆ ಹೋಗುವುದೇ ಅವಳಿಗೆ ವಿಶ್ರಾಂತಿ.

ಹೊರಡುವಾಗ ಟಾಮ್ಸಿನ್, "ಬಾ ಆರ್ಡಿ, ಹೊತ್ತಾಯ್ತು" ಅಂದಳು. ಆರ್ಡಿಯಂತೆ. ಹೆಸರನ್ನು ಕತ್ತರಿಸಿ ಕರೆದರೆ ಆರ್ಡಿತ್‌ಗೆ ಆಗುವುದಿಲ್ಲ ಅಂತ ಲೋರ್ನಾ ಇಷ್ಟು ವರ್ಷ ಅಂದುಕೊಂಡಿದ್ದಳು. ಆದರೆ ಆರ್ಡಿತ್ ನಗುತ್ತ ಎದ್ದು ಹೋದಳು.

ಅಲ್ಲಿಂದ ಶುರುವಾಯಿತು ಹೊಟ್ಟೆಯುರಿ. ಟಾಮ್ಸಿನ್ ಗರಿಯಂಥ ಹಗುರದ ಸೈಕಲ್ ಕೊಂಡಳು. ಬಾಳಿಕೆ ಬರುವ ಉಕ್ಕಿನ ಚೌಕಟ್ಟೇ ತೆಗೆದುಕೋ ಎಂದು ಲೋರ್ನಾ ಹೇಳಿದ್ದನ್ನು ಕೇಳಿಸಿಕೊಂಡು, ಬೇರೆಯದನ್ನೇ ತಂದಳು. ಆರ್ಡಿತ್ ಅದನ್ನು ಒಂದೇ ಕೈಯಲ್ಲಿ ಎತ್ತಿ ನೋಡಿ, ನಮ್ಮ ಸೈಕಲ್ಲುಗಳು ಇದರ ಮುಂದೆ ಟ್ರ್ಯಾಕ್ಟರು ಕಣೆ ಅಂದಳು. ಆ ಟ್ರ್ಯಾಕ್ಟರನ್ನು ಲೋರ್ನಾಳೇ ಹುಡುಕಿ, ಬಿಡಿಭಾಗ ಕೂಡಿಸಿ, ಆರ್ಡಿತ್‌ಳ ಹುಟ್ಟುಹಬ್ಬಕ್ಕೆ ಕೊಟ್ಟಿದ್ದಳು.

ಡಿಸೆಂಬರಿನಲ್ಲಿ ಒಂದು ಭಾನುವಾರ ಆರ್ಡಿತ್‌ಗೆ ಫೋನ್ ಮಾಡಿದರೆ, ಬೆನ್ನು ಹಿಡಿದುಕೊಂಡಿದೆ, ಈ ವಾರ ಬೇಡ ಅಂದಳು. ಸೋಮವಾರ ಯಾರದೋ ಫೋನಿನಲ್ಲಿ ಲೋರ್ನಾ ಒಂದು ಫೋಟೋ ನೋಡಿದಳು: ಗುಡ್ಡದ ಮೇಲೆ ಇಬ್ಬರು, ರೆಪ್ಪೆಯ ಮೇಲೆಲ್ಲ ಬಿಳಿ ಮಂಜು ಕಟ್ಟಿಕೊಂಡು, ಹಲ್ಲು ಕಿರಿಯುತ್ತ. ಕೇಳಿದಾಗ ಆರ್ಡಿತ್ ತಡವರಿಸಲೂ ಇಲ್ಲ. ಮಧ್ಯಾಹ್ನಕ್ಕೆ ಬೆನ್ನು ಸರಿಹೋಯಿತು, ಟಾಮ್ಸಿನ್ ಮನೆ ಮುಂದೆ ಬಂದು ನಿಂತಿದ್ದಳು, ಹೋದೆವು ಅಂದಳು. ಲೋರ್ನಾ ಸರಿ ಅಂದಳು. ಅವತ್ತು ಶಾಲೆಯಲ್ಲಿ ಕಹಳೆಯ ಮಕ್ಕಳು ಸುಮ್ಮಸುಮ್ಮನೆ ಬೈಸಿಕೊಂಡರು.

ಫೆಬ್ರವರಿ ಕೊನೆಗೆ ವೈಟ್ ಮೌಂಟನ್ಸ್ ಬೆಟ್ಟಗಳಲ್ಲಿ ಕಾಡಿನ ಮರದ ಮನೆಗಳಲ್ಲಿ ತಂಗುತ್ತ, ಕ್ಯಾಬಿನ್ನಿಂದ ಕ್ಯಾಬಿನ್ನಿಗೆ ಹೋಗುವ ಅವರ ವರ್ಷದ ದೊಡ್ಡ ಪ್ರವಾಸ. ಟಾಮ್ಸಿನ್ ಕೂಡ ಬರುತ್ತಾಳೆ ಅಂತ ಆರ್ಡಿತ್ ಹೇಳಿದಾಗ ಅದು ಕೇಳುವ ಧಾಟಿಯಲ್ಲಿರಲಿಲ್ಲ, ತಿಳಿಸುವ ಧಾಟಿಯಲ್ಲಿತ್ತು.

ಹೊರಡುವ ಮುಂಚಿನ ವಾರ ಟಾಮ್ಸಿನ್ ತನ್ನ ಸಾಮಾನನ್ನೆಲ್ಲ ತಂದು ಲೋರ್ನಾಳ ಅಡುಗೆಮನೆಯ ನೆಲದ ಮೇಲೆ ಹರಡಿದಳು. ನೀವೇ ನೋಡಿ ಬೇಕಾದ್ದು, ಬೇಡದ್ದು ಹೇಳಿ ಅಂದಳು. ಲೋರ್ನಾ ಅಚ್ಚುಕಟ್ಟಾಗಿಯೇ ನೋಡಿದಳು. ಗ್ಯಾಸಿನ ಒಲೆಯನ್ನು ಪಕ್ಕಕ್ಕಿಟ್ಟು, ಕಡುಚಳಿಯಲ್ಲಿ ಗ್ಯಾಸು ಡಬ್ಬಿ ಬಿಟ್ಟು ಆಚೆಗೇ ಬರುವುದಿಲ್ಲ ಎಂದು ತನ್ನ ಪೆಟ್ರೋಲ್ ಒಲೆಯನ್ನು ಕೊಟ್ಟಳು. ಬೂಟಿಗೆ ಕಚ್ಚಿಕೊಳ್ಳುವ ಪೆಡಲು ಬೇಡ, ಕಬ್ಬಿಣ ಕಾಲಿನ ಬಿಸಿಯನ್ನು ಹೀರಿಬಿಡುತ್ತದೆ ಅಂದಳು. ಬೂಟು ಕಾಲಿಗಿಂತ ಎರಡು ಅಳತೆ ದೊಡ್ಡದಿರಬೇಕು. ಹ್ಯಾಂಡಲಿಗೆ ಹೊದಿಸುವ ಚೀಲಗವಸು ಮೊಣಕೈವರೆಗೆ ಬರಬೇಕು. ಬೆಣ್ಣೆಯನ್ನು ಮನೆಯಲ್ಲೇ ತುಂಡು ಮಾಡಿಕೋ, ಅಲ್ಲಿ ಅದು ಕಲ್ಲು. ಟಾಮ್ಸಿನ್ ಪ್ರತಿಯೊಂದಕ್ಕೂ ತಲೆ ಆಡಿಸಿ, ಪ್ರತಿಯೊಂದಕ್ಕೂ ಥ್ಯಾಂಕ್ಸ್ ಹೇಳಿದಳು. ಒಂದಿಷ್ಟು ಸೊಕ್ಕಾದರೂ ತೋರಿಸಬಾರದೇ ಅನ್ನಿಸಿತು ಲೋರ್ನಾಳಿಗೆ, ದ್ವೇಷಿಸುವುದಕ್ಕೆ ಸಲೀಸಾಗುತ್ತಿತ್ತು.

ಒಂದು ಮಾತು ಉಳಿದಿತ್ತು. ಹೊಸ ಸೈಕಲ್ಲಿನ ಹಿಂದಿನ ಗಾಲಿಯಲ್ಲಿ, ಫ್ರೀವೀಲಿನೊಳಗೆ, ಕಂಪನಿಯವರು ಹಾಕಿದ ಗ್ರೀಸು ಇರುತ್ತದೆ. ಚಳಿ ಇಲ್ಲಿಯ ಚಳಿಯಾದಾಗ ಅದು ಮೇಣದ ಹಾಗೆ ಗಟ್ಟಿಯಾಗಿ, ಒಳಗಿನ ಚಿಕ್ಕ ಕೊಕ್ಕೆಗಳು ಹಲ್ಲಿಗೆ ಕೂರುವುದಿಲ್ಲ. ಪೆಡಲು ಗಿರಗಿರ ತಿರುಗುತ್ತದೆ, ಗಾಲಿ ಅಲ್ಲಾಡುವುದಿಲ್ಲ. ಅದನ್ನು ತೊಳೆದು ತೆಳ್ಳನೆಯ ಎಣ್ಣೆ ಹಾಕಬೇಕು. ತನ್ನದಕ್ಕೂ ಆರ್ಡಿತ್‌ಳದಕ್ಕೂ ಲೋರ್ನಾ ಪ್ರತಿ ವರ್ಷ ತಾನೇ ಮಾಡುತ್ತಿದ್ದಳು. ಆರ್ಡಿತ್‌ಗೆ ಅದೊಂದು ಕೆಲಸ ಇದೆ ಅನ್ನುವುದೇ ಮರೆತುಹೋಗಿತ್ತು.

ಬಾಗಿಲಲ್ಲಿ ನಿಂತು ಟಾಮ್ಸಿನ್ ಕೇಳಿದಳು: "ಇನ್ನೇನಾದ್ರೂ ಬಿಟ್ಟುಹೋಯ್ತಾ?"

"ಇಲ್ಲ. ಎಲ್ಲಾ ಆಯ್ತು" ಅಂದಳು ಲೋರ್ನಾ.

ಮೊದಲ ದಿನ ಏನೂ ಆಗಲಿಲ್ಲ. ಬಿಸಿಲಿತ್ತು, ಹಾದಿ ಗಟ್ಟಿಯಾಗಿತ್ತು. ಮುಂದೆ ಮುಂದೆ ಇಬ್ಬರ ಮಾತು, ನಗು. ಹಿಂದೆ ಲೋರ್ನಾ, ತನ್ನ ಉಸಿರನ್ನೇ ಕೇಳಿಕೊಂಡು. ಯಾವಾಗಲೂ ಕೊನೆಯಲ್ಲಿ ಬರುವವಳು ಅವಳೇ, ಆದರೆ ಯಾವಾಗಲೂ ಆರ್ಡಿತ್ ಆಗಾಗ ನಿಂತು ಹಿಂದೆ ನೋಡುತ್ತಿದ್ದಳು. ಈ ಸಲ ನೋಡಲಿಲ್ಲ.

ಎರಡನೆಯ ದಿನ ಮಧ್ಯಾಹ್ನದ ಮೇಲೆ ಹಾದಿ ತೊರೆಯ ಕಣಿವೆಗೆ ಇಳಿಯಿತು. ತಣ್ಣನೆ ಗಾಳಿಯೆಲ್ಲ ಹರಿದು ಬಂದು ತಂಗುವ ಜಾಗ ಅದು. ಹ್ಯಾಂಡಲಿಗೆ ಕಟ್ಟಿದ್ದ ಮಾಪಕ ಶೂನ್ಯದ ಕೆಳಗೆ ನಲವತ್ತು ತೋರಿಸಿತು. ಆರ್ಡಿತ್ ಕ್ಯಾಬಿನ್ನಿನಲ್ಲಿ ಒಲೆ ಹೊತ್ತಿಸುತ್ತೇನೆ ಎಂದು ಜೋರಾಗಿ ತುಳಿದು ಮುಂದೆ ಹೋದಳು. ಒಂದು ತಿರುವು ದಾಟಿದಾಗ ಲೋರ್ನಾಳಿಗೆ ಟಾಮ್ಸಿನ್ ಕಂಡಳು: ಹಾದಿಯ ನಡುವೆ ಸೈಕಲ್ಲಿನ ಮೇಲೆ ಕೂತು ಪೆಡಲು ತುಳಿಯುತ್ತಿದ್ದಾಳೆ, ಸೈಕಲ್ ಇದ್ದಲ್ಲೇ ಇದೆ.

ಇಂಥ ಗಳಿಗೆಯನ್ನು ಲೋರ್ನಾ ಎಷ್ಟೋ ಸಲ ಮನಸ್ಸಿನಲ್ಲೇ ನೋಡಿಕೊಂಡು ಖುಷಿಪಟ್ಟಿದ್ದಳು. ಎದುರಿಗೆ ಬಂದಾಗ ಖುಷಿಯಾಗಲಿಲ್ಲ. ಟಾಮ್ಸಿನ್ ಕೈಗವಸು ಕಳಚಿ, ಬರಿಗೈಯಲ್ಲಿ ಚೈನು, ಹಲ್ಲುಚಕ್ರ ಎಲ್ಲ ಮುಟ್ಟಿ ನೋಡಿದ್ದಳು. ನಾಲ್ಕು ಬೆರಳ ತುದಿ ಮೇಣದ ಬತ್ತಿಯಷ್ಟು ಬೆಳ್ಳಗಾಗಿತ್ತು.

"ನೋವೇ ಗೊತ್ತಾಗ್ತಿಲ್ಲ" ಅಂದಳು ಅವಳು, ಅದು ಒಳ್ಳೆಯ ಸುದ್ದಿ ಅನ್ನುವ ಹಾಗೆ.

ಲೋರ್ನಾ ತನ್ನ ಪುಕ್ಕದ ಜಾಕೆಟ್ಟಿನ ಜಿಪ್ಪು ಎಳೆದು, ಒಳಗಿನ ಉಣ್ಣೆ ಅಂಗಿ ಎತ್ತಿ, ಆ ಎರಡೂ ಕೈಗಳನ್ನು ತನ್ನ ಕಂಕುಳಲ್ಲಿ ಒತ್ತಿಕೊಂಡಳು. ಎರಡು ಮಂಜುಗಡ್ಡೆಯ ಮೀನುಗಳನ್ನು ಇಟ್ಟುಕೊಂಡ ಹಾಗಾಯಿತು. ಇಬ್ಬರೂ ಹಾಗೆ ಎದೆಗೆ ಎದೆ ತಾಗಿಸಿ, ಒಬ್ಬರ ಉಸಿರು ಒಬ್ಬರ ಮುಖಕ್ಕೆ ತಾಗುವ ಹಾಗೆ ನಿಂತರು. ಬೆರಳಿಗೆ ಜೀವ ಬರುವ ತನಕ ಯಾರೂ ಕದಲುವಂತಿಲ್ಲ.

"ಸೈಕಲ್ಲಿಗೆ ಏನಾಯ್ತು?" ಅಂತ ಟಾಮ್ಸಿನ್ ಕೇಳಿದಳು.

ಗ್ರೀಸು ಗಟ್ಟಿಯಾಗಿದೆ, ಹೊಸ ಸೈಕಲ್ಲಿನಲ್ಲಿ ಹೀಗಾಗುತ್ತದೆ, ಮೊದಲೇ ಬದಲಾಯಿಸಬೇಕು ಅಂತ ಲೋರ್ನಾ ಹೇಳಿದಳು. ಟಾಮ್ಸಿನ್ ಗಾಲಿಯನ್ನೂ ಲೋರ್ನಾಳ ಮುಖವನ್ನೂ ನೋಡಿದಳು. ದಡ್ಡಿಯಲ್ಲ ಅವಳು.

"ನಿಮಗೆ ಗೊತ್ತಿತ್ತು."

"ಗೊತ್ತಿತ್ತು."

"ಮರೆತ್ರಾ?"

ಮರೆತೆ ಅಂದುಬಿಡಬಹುದಾಗಿತ್ತು. ಇಷ್ಟು ಹತ್ತಿರದಲ್ಲಿ, ಅವಳ ಬೆರಳು ತನ್ನ ಕಂಕುಳಲ್ಲಿರುವಾಗ, ಆ ಸುಳ್ಳು ಲೋರ್ನಾಳ ಬಾಯಿಗೆ ಬರಲಿಲ್ಲ. "ಇಲ್ಲ" ಅಂದಳು.

ಟಾಮ್ಸಿನ್‌ಳ ಮುಖ ಬಿಗಿಯಾಯಿತು. ಕೈ ಎಳೆದುಕೊಳ್ಳಲು ನೋಡಿದಳು. ಲೋರ್ನಾ ಬಿಡಲಿಲ್ಲ, ಬೆರಳು ಕಳಕೊಳ್ತೀಯ, ಇಟ್ಟುಕೋ, ಆಮೇಲೆ ಬೇಕಾದರೆ ಹೊಡಿ ಅಂದಳು.

"ಯಾಕೆ? ನಾನೇನು ಮಾಡಿದ್ದೆ ನಿಮಗೆ?"

"ಆರ್ಡಿತ್‌ಳ ಬೆನ್ನು ನೋವು ಸರಿಹೋಗೋ ಹಾಗೆ ಮಾಡಿದೆ ನೀನು" ಅಂದಳು ಲೋರ್ನಾ.

ಟಾಮ್ಸಿನ್‌ಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅಷ್ಟರಲ್ಲಿ ಬೆರಳಿಗೆ ರಕ್ತ ಮರಳಿ, ಉರಿ ತಡೆಯಲಾರದೆ ಅವಳ ಕಣ್ಣಲ್ಲಿ ನೀರು ಬಂತು. ಅಳುತ್ತಲೇ ಬೈದಳು. ಈ ಊರಿಗೆ ಬಂದಾಗ ಒಂದು ನರಪಿಳ್ಳೆಯೂ ಗೊತ್ತಿರಲಿಲ್ಲ, ಒಬ್ಬಳು ಗೆಳತಿ ಸಿಕ್ಕಿದ್ದಳು, ಅದನ್ನೂ ನಿಮ್ಮ ಹತ್ತಿರ ಪರವಾನಗಿ ಕೇಳಿ ಮಾಡಿಕೊಳ್ಳಬೇಕಿತ್ತಾ ಅಂದಳು. ಇಷ್ಟು ವಯಸ್ಸಾಗಿ ಸ್ಕೂಲು ಹುಡುಗಿಯರ ಬುದ್ಧಿ ಅಂದಳು. ಲೋರ್ನಾ ಎಲ್ಲವನ್ನೂ ಕೇಳಿಸಿಕೊಂಡಳು. ಹಿಂದಕ್ಕೆ ಸರಿಯುವ ಹಾಗಿರಲಿಲ್ಲವಲ್ಲ.

ಆಮೇಲೆ ಲೋರ್ನಾ ಚೀಲದಿಂದ ತಂತಿ, ಇಕ್ಕಳ ತೆಗೆದು ಹಿಮದಲ್ಲಿ ಮಂಡಿಯೂರಿದಳು. ಹಿಂದಿನ ದೊಡ್ಡ ಹಲ್ಲುಚಕ್ರವನ್ನು ಗಾಲಿಯ ಕಡ್ಡಿಗಳಿಗೆ ಸುತ್ತಲೂ ಬಿಗಿದು ಕಟ್ಟಿದಳು. ಈಗ ಗಾಲಿ ತಿರುಗುವಷ್ಟೂ ಪೆಡಲು ತಿರುಗುತ್ತದೆ. ಇಳಿಜಾರಲ್ಲಾದರೂ ಕಾಲು ನಿಲ್ಲಿಸಬಾರದು, ನಿಲ್ಲಿಸಿದರೆ ಚೈನು ಸಡಿಲಾಗಿ ಸಿಕ್ಕಿಹಾಕಿಕೊಳ್ಳುತ್ತದೆ ಎಂದು ಎಚ್ಚರಿಸಿದಳು. ಟಾಮ್ಸಿನ್ ಹತ್ತಿ ಹೊರಟಳು.

ಕ್ಯಾಬಿನ್ನಿಗೆ ಮುಂಚೆ ಒಂದು ಕಡಿದಾದ ಇಳಿಜಾರು. ಟಾಮ್ಸಿನ್ ಮೇಲಿಂದ ಸೈಕಲ್ ಬಿಟ್ಟಳು. ಅವಳ ಕಾಲುಗಳು ಮೊದಲು ತುಳಿದವು, ಆಮೇಲೆ ಓಡಿದವು, ಆಮೇಲೆ ಹೊಲಿಗೆ ಯಂತ್ರದ ಸೂಜಿಯ ಹಾಗೆ ಕಣ್ಣಿಗೆ ಕಾಣದಷ್ಟು ವೇಗದಲ್ಲಿ ಕುಣಿದವು. ಬ್ರೇಕು ಹಿಡಿಯುವ ಬದಲು ಅವಳು ಎರಡೂ ಕಾಲನ್ನು ಅಗಲಿಸಿ ಮೇಲೆತ್ತಿ, ಹಾಗೆಯೇ ಹಾದಿ ಬಿಟ್ಟು ಎದೆಯುದ್ದದ ಹಿಮದಲ್ಲಿ ಮುಳುಗಿದಳು. ಬೂಟುಗಳಷ್ಟೇ ಮೇಲೆ ಉಳಿದವು. ಲೋರ್ನಾ ಓಡಿ ಬಂದು ಬೂಟು ಹಿಡಿದು ಎಳೆದರೆ, ಕೈಗೆ ಬಂದದ್ದು ಬೂಟು ಮಾತ್ರ.

"ಎರಡು ಅಳತೆ ದೊಡ್ಡದು ತಗೋ ಅಂದೋರು ಯಾರು?" ಅಂತ ಹಿಮದೊಳಗಿಂದ ದನಿ ಬಂತು.

ಮೊದಲು ನಕ್ಕವರು ಯಾರೋ. ನಿಲ್ಲಿಸಲಾಗದೆ ಇಬ್ಬರೂ ಹಿಮದಲ್ಲೇ ಕೂತರು. ಬೂಟಿನೊಳಗಿನ ಹಿಮ ಕೊಡವಿ ಹಾಕಿಕೊಳ್ಳುತ್ತ ಟಾಮ್ಸಿನ್ ಗಂಭೀರವಾದಳು.

"ಆರ್ಡಿಗೆ ನಾನು ಹೇಳಲ್ಲ. ನಿಮಗೋಸ್ಕರ ಅಲ್ಲ. ಅವಳಿಗೆ ಬೇಜಾರಾಗುತ್ತೆ. ಆದರೆ ಊರಿಗೆ ಹೋದ ಮೇಲೆ ಆ ಫ್ರೀವೀಲ್ ಬಿಚ್ಚೋದು, ತೊಳೆಯೋದು ಎಲ್ಲಾ ನನಗೆ ಕಲಿಸಬೇಕು. ಇನ್ನೊಂದ್ಸಲ ನಿಮ್ಮನ್ನ ನಂಬಿಕೊಂಡು ಬರಲ್ಲ ನಾನು."

ನ್ಯಾಯವೇ ಅಂದಳು ಲೋರ್ನಾ.

ಕ್ಯಾಬಿನ್ನಿನ ಬಾಗಿಲಲ್ಲಿ ಆರ್ಡಿತ್ ತಲೆಗೆ ಕಟ್ಟುವ ದೀಪವನ್ನು ಕೈಯಲ್ಲಿ ಹಿಡಿದು ನಿಂತಿದ್ದಳು. ಒಳಗೆ ಒಲೆ ಕೆಂಪಗೆ ಉರಿಯುತ್ತಿತ್ತು, ಮೂಸ್ ಕಡವೆಯ ಮಾಂಸದ ಸಾರು ಕುದಿಯುತ್ತಿತ್ತು. ಹುಡುಕಿಕೊಂಡು ಹೊರಡುವುದರಲ್ಲಿದ್ದೆ, ಎಲ್ಲಿ ಸತ್ತಿರಿ ಅಂದಳು. ಟಾಮ್ಸಿನ್ ಫ್ರೀವೀಲ್ ಕೆಟ್ಟಿತು ಅಂದಳು, ಲೋರ್ನಾ ತಂತಿ ಕಟ್ಟಿದಳು ಅಂದಳು, ಬೂಟಿನ ಮಾತಿಗೆ ಬಂದಾಗ ಲೋರ್ನಾಳ ಮುಖ ನೋಡಿ ಮತ್ತೆ ನಗು ತಡೆಯಲಾರದೆ ಸಾರನ್ನು ಮೂಗಿಗೆ ಹತ್ತಿಸಿಕೊಂಡಳು. ಲೋರ್ನಾಳೂ ನಕ್ಕಳು. ಆರ್ಡಿತ್ ಇಬ್ಬರನ್ನೂ ನೋಡುತ್ತ, ಬಾಯಿ ಅರ್ಧ ತೆರೆದು, ನಗಬೇಕೋ ಬೇಡವೋ ತಿಳಿಯದೆ ಕೂತಿದ್ದಳು.

ಮರುದಿನ ಬೆಳಿಗ್ಗೆ ಯಾವಾಗಲೂ ಮೊದಲು ಹೊರಡುವ ಆರ್ಡಿತ್ ಚೀಲದ ಪಟ್ಟಿಗಳನ್ನು ಮತ್ತೆ ಮತ್ತೆ ಬಿಗಿಯುತ್ತ ಹಿಂದುಳಿದಳು. ಟಾಮ್ಸಿನ್ ಮುಂದೆ ಹೋದ ಮೇಲೆ ಲೋರ್ನಾಳ ಪಕ್ಕಕ್ಕೆ ಬಂದು ತುಳಿಯತೊಡಗಿದಳು.

"ನಿನ್ನೆ ಅಷ್ಟು ಹೊತ್ತು ಏನು ಮಾತಾಡಿದ್ರಿ ನೀವಿಬ್ರು?"

ಆ ದನಿಯನ್ನು ಲೋರ್ನಾ ಚೆನ್ನಾಗಿ ಬಲ್ಲಳು. ಚಳಿಗಾಲವಿಡೀ ಅದು ತನ್ನದೇ ಗಂಟಲಲ್ಲಿತ್ತು. ಏನೇನೋ ಹೀಗೇ ಕಣೆ, ಬಿಡು ಅಂದಳು. ಆರ್ಡಿತ್‌ಳ ಮುಖ ಚಿಕ್ಕದಾದದ್ದನ್ನು ಕಂಡು ಲೋರ್ನಾಳಿಗೆ ಎಲ್ಲೋ ಒಳಗೆ, ನಾಚಿಕೆಯ ಕೆಳಗೆ, ಬಿಸಿ ಬಿಸಿ ಸಾರು ಇಳಿದಂಥ ಸುಖವಾಯಿತು. ಅದು ಹೆಚ್ಚು ಹೊತ್ತು ಉಳಿಯಲಿಲ್ಲ. ಗುಡ್ಡ ಏರುವಾಗ ಆರ್ಡಿತ್ ಇಳಿದು ತಳ್ಳತೊಡಗಿದಳು, ಒಂದು ಕೈ ಸೊಂಟದ ಮೇಲಿಟ್ಟುಕೊಂಡು. ಬೆನ್ನು ನಿಜವಾಗಿಯೂ ನೋಯುತ್ತಿತ್ತು. ಲೋರ್ನಾಳೂ ಇಳಿದಳು.

ನಿಜ ಹೇಳಿದ್ದು ಊರಿಗೆ ಮರಳಿದ ಮೇಲೆ, ಮೂವರೂ ಶೆಡ್ಡಿನಲ್ಲಿ ಫ್ರೀವೀಲ್ ಬಿಚ್ಚಿಕೊಂಡು ಕೂತಿದ್ದಾಗ. ಟಾಮ್ಸಿನ್ ಬೇಡ ಎಂದು ಕಣ್ಸನ್ನೆ ಮಾಡಿದರೂ ಲೋರ್ನಾ ಹೇಳಿಬಿಟ್ಟಳು. ಆರ್ಡಿತ್ ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟು ಎದ್ದು ಹೋದಳು. ನದಿಯ ಮಂಜುಗಡ್ಡೆ ಒಡೆದು ಹರಿಯುವ ತನಕ ಮಾತು ಬಿಟ್ಟಿದ್ದಳು, ಲೋರ್ನಾಳ ಜೊತೆ ಮಾತ್ರವಲ್ಲ, ಮುಚ್ಚಿಟ್ಟಿದ್ದಕ್ಕೆ ಟಾಮ್ಸಿನ್ ಜೊತೆಗೂ. ಆ ವಾರಗಳಲ್ಲಿ ಉಳಿದಿಬ್ಬರು ಕೆಸರು ಹಾದಿಯಲ್ಲಿ ಒಟ್ಟಿಗೆ ತುಳಿದರು, ಹೆಚ್ಚಿನ ಹೊತ್ತು ಅವಳ ಬಗ್ಗೆಯೇ ಮಾತಾಡುತ್ತ.