ಹೂಳು ಯಾರದು

ಷಡಕ್ಷರಿಯ ಗುದ್ದಲಿ ಕಲ್ಲಿಗೆ ತಾಗಿ ಠಣ್ಣೆಂದಿತು. ಕುಳಿ ಎದೆಮಟ್ಟ ಇಳಿದಿತ್ತು. ಗುರುಸಿದ್ದಮ್ಮನ ಹೆಣವನ್ನು ಕೂರಿಸಲು ಇನ್ನೊಂದು ಮೊಳ ಬೇಕಿತ್ತು. ವಿಭೂತಿ ತಟ್ಟೆ ಹಿಡಿದು ಮೇಲೆ ನಿಂತಿದ್ದ ಅವಳ ಮೈದುನ ರುದ್ರಸ್ವಾಮಿಯ ಮುಖವನ್ನು ಯಾರೂ ನೋಡುತ್ತಿರಲಿಲ್ಲ. ಅವನು ಪಂಚಾಯಿತಿ ಚೇರ್ಮನ್. ಸತ್ತವಳ ಮೇಲೆ ದೂರು ಬರೆದುಕೊಟ್ಟವನೂ ಅವನೇ.

ಮಣ್ಣು ಮುಚ್ಚಿದ ಮೇಲೆ ಪೇಚಾಟ ಶುರುವಾಯಿತು. ಕುಳಿ ತೋಡಿದ ಗುದ್ದಲಿಯನ್ನು ಹರಿಯುವ ನೀರಿನಲ್ಲಿ ತೊಳೆಯದೆ ಮನೆಗೆ ಒಯ್ಯುವಂತಿಲ್ಲ. ಕೊಳ್ಳೇಗಾಲ ಸೀಮೆಯ ಶಾಗ್ಯದಾಚೆಯ ಆ ಊರಿನಲ್ಲಿ ಅದಕ್ಕೆ ಎಂದೂ ವಿನಾಯಿತಿ ಇರಲಿಲ್ಲ. ಕೆರೆಯೇನೋ ತುಂಬಿತ್ತು. ತೂಬಿನಿಂದ ಹೊರಟ ನೀರು ಹತ್ತು ಮಾರು ಬಂದು, ಹೂಳಿಗೆ ತಡೆದು ನಿಂತುಬಿಟ್ಟಿತ್ತು. ಅದರಾಚೆ ಕಾಲುವೆಯ ತುಂಬ ಒಣಮಣ್ಣು, ಜಾಲಿಗಿಡ. ದಂಡೆಯ ಮೇಲೊಂದು ಹಲಗೆ: ‘ಸರ್ಕಾರಿ ಕಾಲುವೆ. ಅಪ್ಪಣೆಯಿಲ್ಲದೆ ಮುಟ್ಟಿದವರ ಮೇಲೆ ಕ್ರಮ.’ ಅದಕ್ಕೆ ಮೊಳೆ ಹೊಡೆದಿದ್ದವನು ರುದ್ರಸ್ವಾಮಿ.

ಕೊಡದಲ್ಲಿ ನೀರು ತಂದು ಸುರಿದರಾಗದೇ ಎಂದು ಅವನು ಕೇಳಿದ. ನೆರೆಮನೆಯ ದೊಡ್ಡಬಸಮ್ಮ ಅವನತ್ತ ತಿರುಗಿದಳು.

“ಅರಿಯೋ ನೀರು ಬೇಕು ಚೇರ್ಮನ್ರೇ. ಅದ್ನ ನಿಲ್ಸಿರೋರು ಯಾರು ಅಂತ ಊರಿಗೇ ಗೊತ್ತು.”

\*

ಮದ್ರಾಸಿನವರ ಕಾಲದಿಂದಲೂ ವರ್ಷಕ್ಕೊಮ್ಮೆ ಮನೆಗೊಬ್ಬರು ಹೋಗಿ ಹೂಳೆತ್ತುವುದು ಊರಿನ ರೂಢಿ. ಐವತ್ತಾರರಲ್ಲಿ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು. ಆಮೇಲೆ ಕಾಲುವೆ ಸರ್ಕಾರಿ ಇಲಾಖೆಗೆ ಸೇರಿತು. ಹೂಳು ಮಾತ್ರ ಯಾವ ಫೈಲಿಗೂ ಸೇರಲಿಲ್ಲ. ಜನಕ್ಕೂ ಹಾಯೆನಿಸಿತು. ಸರ್ಕಾರ ನೋಡಿಕೊಳ್ಳುತ್ತೆ ಬಿಡು ಎಂದು ಗುದ್ದಲಿಗಳನ್ನು ಅಟ್ಟಕ್ಕೇರಿಸಿದರು. ಗಂಡ ಸತ್ತ ಗುರುಸಿದ್ದಮ್ಮ ಒಬ್ಬಳೇ ಸೆರಗು ಸೊಂಟಕ್ಕೆ ಸಿಕ್ಕಿಸಿ, ವರ್ಷವರ್ಷವೂ ಕಾಲುವೆಗೆ ಇಳಿಯುತ್ತಿದ್ದಳು.

ಅರವತ್ತೇಳರಲ್ಲಿ ಜೀಪಿನಲ್ಲಿ ಬಂದ ಇಲಾಖೆಯ ಸಾಹೇಬರು, ಸರ್ಕಾರದ ಸ್ವತ್ತು ಅಗೆಯುವವಳ ಮೇಲೆ ದೂರು ಕೊಡದಿದ್ದರೆ ಚೇರ್ಮನ್ ಕುರ್ಚಿ ಉಳಿಯದು ಎಂದರು. ರುದ್ರಸ್ವಾಮಿ ಕೊಟ್ಟ. ಅತ್ತಿಗೆಯನ್ನು ಬಸ್ಸಿನಲ್ಲಿ ಆಫೀಸಿಗೆ ಕರೆದೊಯ್ದವನೂ ಅವನೇ. ಯಾರ ಅಪ್ಪಣೆ ಪಡೆದು ಅಗೆದೆ ಎಂದು ಸಾಹೇಬರು ಕೇಳಿದರು.

“ಕಾಲ್ವೆ ನಿಮ್ದೇ ಇರ್ಲಿ ಸಾ,” ಎಂದಳು ಗುರುಸಿದ್ದಮ್ಮ. “ಊಳು ಯಾರ್ದು ಅಂತ ಏಳಿ. ಅವರ್ತಾವ್ಲೇ ಓಗಿ ಅಪ್ಪಣೆ ಕೇಳ್ತೀನಿ.”

ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. ಕೊನೆಗೆ ಗುದ್ದಲಿಯನ್ನು ಜಪ್ತಿ ಮಾಡಿ ಕಳಿಸಿದರು. ಹಿಂತಿರುಗುವಾಗ ಅವಳು ಬೈಯಲಿಲ್ಲ. ಬೈದಿದ್ದರೆ ರುದ್ರಸ್ವಾಮಿಗೆ ಹಗುರಾಗುತ್ತಿತ್ತು.

“ಸರ್ಕಾರ ಬ್ಯಾಡ ಅನ್ನಾಕಿಲ್ಲ ಕಣಪ್ಪ. ಅದ್ರ ಕೆಲ್ಸ ಅದು ಮಾಡ್ಲಿ. ನನ್ ಕೆಲ್ಸಕ್ಕೆ ಅಡ್ಡ ನಿಂತ್ಕಬಾರ್ದು.”

ಮಾರನೆಯ ದಿನ ದೊಡ್ಡಬಸಮ್ಮನ ಗುದ್ದಲಿ ಕೇಳಿ ತಂದು ಅಗೆದಳು. ಮರುವರ್ಷ ಹಾಸಿಗೆ ಹಿಡಿದಳು. ಆಮೇಲೆ ಕಾಲುವೆಗೆ ಯಾರೂ ಇಳಿಯಲಿಲ್ಲ.

\*

ಬಿಸಿಲೇರುತ್ತಿತ್ತು. ಗುದ್ದಲಿ ಹಿಡಿದವರು ಹಲಗೆಯನ್ನೂ ಚೇರ್ಮನ್ನನ್ನೂ ನೋಡುತ್ತಾ ನಿಂತಿದ್ದರು. ಇಳಿದವರ ಹೆಸರನ್ನು ಸಂಜೆಯೊಳಗೆ ಆಫೀಸಿಗೆ ಬರೆದು ಕಳಿಸುವುದು ಅವನ ಹೊಣೆ. ಕಳಿಸದಿದ್ದರೆ ಕುರ್ಚಿ ಹೋಗುತ್ತದೆ. ಆ ಕುರ್ಚಿಗಾಗಿ ತಾನು ಎಂಥ ಹೆಂಗಸನ್ನು ಹಿಡಿದುಕೊಟ್ಟೆನೆಂದು ನೆನೆದು ರುದ್ರಸ್ವಾಮಿಗೆ ತನ್ನ ಮೇಲೇ ಹೇಸಿಗೆಯಾಯಿತು. ವಿಭೂತಿ ತಟ್ಟೆಯನ್ನು ದೊಡ್ಡಬಸಮ್ಮನ ಕೈಗಿಟ್ಟು, ಪಂಚೆ ಎತ್ತಿಕಟ್ಟಿ, ಷಡಕ್ಷರಿಯ ಗುದ್ದಲಿ ಕಿತ್ತುಕೊಂಡು ಕಾಲುವೆಗೆ ಇಳಿದ.

ಗುದ್ದಲಿ ಹಿಡಿದವರೂ ಒಬ್ಬೊಬ್ಬರಾಗಿ ಇಳಿದರು. ಆಮೇಲೆ ಹೆಂಗಸರು ಮಣ್ಣು ಹೊರುವ ಮಂಕರಿ ತರಲು ಓಡಿದರು.

ಹೊತ್ತು ಇಳಿಯುವಾಗ ಹೂಳು ಕಡಿದು, ಕೆಂಪು ನೀರು ನೊರೆಯೆದ್ದು ಹರಿಯಿತು. ಗುದ್ದಲಿಗಳು ತೊಳೆದಾದವು. ರುದ್ರಸ್ವಾಮಿ ಪಂಚಾಯಿತಿಯ ಕಾಗದ ತರಿಸಿ ದಂಡೆಯ ಮೇಲೆಯೇ ಕೂತ.

“ದೂರು ಬರೀತೀರಾ?” ಷಡಕ್ಷರಿ ಕೇಳಿದ.

“ಬರೀದೆ ಇದ್ರೆ ಆದಾತಾ? ಮುಟ್ಟಿದ್ದೀವಲ್ಲ.”

ಮೊದಲ ಸಾಲಿನಲ್ಲಿ ಗುರುಸಿದ್ದಮ್ಮನ ಹೆಸರು ಬರೆದ. ಅದರ ಕೆಳಗೆ ತನ್ನದು. ದೊಡ್ಡಬಸಮ್ಮ ಬಗ್ಗಿ ನೋಡಿ, ತನ್ನದನ್ನೂ ಸೇರಿಸು ಎಂದಳು. ಹಿಂದೆಯೇ ಉಳಿದವರೂ ಬಂದರು. ಸಹಿ ಬಲ್ಲವರು ಸಹಿ ಹಾಕಿದರು. ಬಾರದವರು ಶಾಯಿಗೆ ಕಾಯಲಿಲ್ಲ; ಕಾಲುವೆಯ ಹೂಳಿನಲ್ಲಿ ಹೆಬ್ಬೆರಳು ಅದ್ದಿ, ಕಾಗದದ ಕೊನೆಯವರೆಗೂ ಒತ್ತುತ್ತಾ ಹೋದರು.