ಬೊಜ್ಜು ಕರಗಲಿ ಎಂದು ಕಾಯಬೇಡಿ

ಬೇಕರಿಯ ಯಜಮಾನರು ಒಂದು ತಿಂಗಳಿಂದ ಬೆಳಿಗ್ಗೆ ಎದ್ದು ಬೀದಿಯನ್ನು ಮೂರು ಸುತ್ತು ಹಾಕುತ್ತಿದ್ದರು. ನೋಡಿದವರಿಗೆಲ್ಲ ಅದೊಂದು ತಮಾಷೆ. ಅವರ ಹೆಂಡತಿಗೆ ಮಾತ್ರ ಖುಷಿ, ಅಂತೂ ಈ ಮನುಷ್ಯನಿಗೆ ಮೈಮೇಲೆ ಕಾಳಜಿ ಬಂತಲ್ಲ ಎಂದು. ಸಕ್ಕರೆ ಡಬ್ಬ ಸರಿಸಿದ ದಿನ ಆ ಖುಷಿ ಇಳಿದುಹೋಯಿತು. ಅದರ ಹಿಂದೆ ಆಸ್ಪತ್ರೆಯಲ್ಲಿ ಕೊಟ್ಟ ಮಾತ್ರೆಗಳಿದ್ದವು. ಸೀಲು ಕೂಡ ಒಡೆದಿರಲಿಲ್ಲ.

ರಕ್ತದಲ್ಲಿ ಹೆಪಟೈಟಿಸ್ ಸಿ ವೈರಸ್ ಇದೆ, ಜೊತೆಗೆ ಲಿವರ್‌ನಲ್ಲಿ ಕೊಬ್ಬು ಕೂತಿದೆ ಎಂದು ಡಾಕ್ಟರು ಹೇಳಿದ್ದರು. ಗಂಡ ದಿನಾ ಮಾತ್ರೆ ನುಂಗುತ್ತಿದ್ದಾರೆ ಎಂದೇ ಅವಳು ನಂಬಿದ್ದಳು. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ನಾದಿನಿಯ ಮಗಳನ್ನು ಕರೆಸಿದಳು.

"ಏನು ಮಾವ ಇದು?" ಎಂದಳು ನರ್ಸ್.

"ನಮ್ಮ ಓವನ್‌ಗೆ ಒಂದು ಸಲಕ್ಕೆ ಒಂದೇ ಟ್ರೇ. ಬನ್ನು ತೆಗೆದ ಮೇಲೇನೇ ಬ್ರೆಡ್ಡು ಇಡೋದು. ಎರಡನ್ನೂ ತುರುಕಿದ್ರೆ ಎರಡೂ ಹಸಿ. ಇದೂ ಹಾಗೇ. ಮೊದಲು ಕೊಬ್ಬು ಕರಗ್ಲಿ, ಆಮೇಲೆ ಮಾತ್ರೆ. ಕೊಬ್ಬು ತುಂಬಿರೋ ಲಿವರ್‌ಗೆ ಔಷಧಿ ಎಲ್ಲಿ ಹತ್ತುತ್ತೆ?"

"ಓವನ್ ಮುಂದೆ ನಿಂತೂ ನಿಂತೂ ನಿಮ್ಮ ತಲೇನೂ ಬೆಂದುಹೋಗಿದೆ ಮಾವ," ಎಂದು ಅವಳು ನಕ್ಕಳು. "ಹತ್ತುತ್ತೆ. ಈಗಿನ ಮಾತ್ರೆ ಕೊಬ್ಬಿದ್ರೂ ಕೆಲಸ ಮಾಡುತ್ತೆ. ಹೆಚ್ಚಿನವರಿಗೆ ಎರಡು ಮೂರು ತಿಂಗಳು ತಗೊಂಡ್ರೆ ವೈರಸ್ ಹೋಗೇ ಹೋಗುತ್ತೆ. ಆದ್ರೆ ವೈರಸ್ಸೂ ಕೊಬ್ಬೂ ಸೇರಿದ್ರೆ ಲಿವರ್ ಬೇಗ ಕೆಡುತ್ತೆ. ನೀವು ಕಾಯ್ತೀರಿ, ಅದು ಕಾಯಲ್ಲ. ಒಳಗೆ ಕೆಡ್ತಿರೋದು ನಿಮಗೆ ಗೊತ್ತೂ ಆಗಲ್ಲ."

"ಹಾಗಾದ್ರೆ ಈ ನಡೆಯೋದು ಬಿಡಬಹುದಾ?" ಎಂದರು ಆಸೆಯಿಂದ.

"ಇಲ್ಲ. ಅದೂ ಬೇಕು, ಇದೂ ಬೇಕು. ಬನ್ನಿನ ರುಚಿ ನೋಡೋಕೆ ಒಂದು ಚೂರು ಸಾಕು, ಇಡೀ ಬನ್ನಲ್ಲ. ಕುಡಿಯೋದಂತೂ ಬೇಡವೇ ಬೇಡ. ನಾಳೆ ಡಾಕ್ಟರ್ ಹತ್ರ ಹೋಗಿ, ಬೇರೆ ಯಾವ ಮಾತ್ರೆ ತಗೊಳ್ತಿದೀರ ಅಂತಾನೂ ಹೇಳಿ, ಶುರು ಮಾಡಿ."

ಹೆಂಡತಿ ಮಾತ್ರೆಗಳನ್ನು ಗಂಡನ ಮುಂದಿಟ್ಟಳು. "ನೀವಿಲ್ಲದ ಬೇಕರೀಲಿ ನಾನು ಯಾರ ಹತ್ರ ಜಗಳ ಆಡ್ಲಿ ಹೇಳಿ?" ಮರುದಿನ ಅಂಗಡಿ ತೆರೆಯುವ ಮೊದಲೇ ಯಜಮಾನರು ಆಸ್ಪತ್ರೆಯಲ್ಲಿದ್ದರು.

ಮೂರು ತಿಂಗಳು ಒಂದು ದಿನವೂ ತಪ್ಪದೆ ಹೆಂಡತಿ ಎದುರಿಗೆ ನಿಂತು ಮಾತ್ರೆ ನುಂಗಿಸಿದಳು. ಅದು ಮುಗಿದು ಇನ್ನೂ ಮೂರು ತಿಂಗಳಾದ ಮೇಲೆ ಮಾಡಿದ ಪರೀಕ್ಷೆಯಲ್ಲಿ ವೈರಸ್ ಇರಲಿಲ್ಲ. ಮಾರನೆಯ ಬೆಳಿಗ್ಗೆ ಯಜಮಾನರು ನಡಿಗೆಗೆಂದು ಹಾಸಿಗೆ ಬಿಟ್ಟು ಏಳಲೇ ಇಲ್ಲ.

"ಎಲ್ಲಾ ವಾಸಿ ಆಯ್ತಲ್ಲ," ಎಂದರು ಹೊದಿಕೆಯೊಳಗಿಂದ.

"ವೈರಸ್ ಹೋಯ್ತು, ಕೊಬ್ಬು ಅಲ್ಲೇ ಇದೆ. ಅದೊಂದೇ ಸಾಕಂತೆ ಲಿವರ್ ಕೆಡಿಸೋಕೆ. ಏಳಿ, ನಾನೂ ಬರ್ತೀನಿ," ಎಂದು ಅವಳು ಚಪ್ಪಲಿ ಮೆಟ್ಟಿಕೊಂಡಳು.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಹೆಪಟೈಟಿಸ್ ಸಿ ಇದೆಯೇ ಎಂದು ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ. ಇದ್ದರೆ, ತೂಕ ಇಳಿಯಲಿ ಎಂದು ಚಿಕಿತ್ಸೆ ಮುಂದೂಡಬೇಡಿ. ವೈರಸ್ ಹೋದ ಮೇಲೂ ಡಾಕ್ಟರು ಹೇಳಿದಾಗ ಹೋಗಿ ಲಿವರ್ ತೋರಿಸಿ. ನಿಮ್ಮೊಂದಿಗೆ ಇನ್ನೂ ಬಹಳ ವರ್ಷ ಜಗಳ ಆಡಬೇಕೆಂದು ಆಸೆ ಇಟ್ಟುಕೊಂಡವರು ನಿಮ್ಮ ಮನೆಯಲ್ಲೂ ಇದ್ದಾರೆ.